ಎರಡನೆಯ ಕಂತಿನ ಗಿರಿಜೆ

ಗಿರಿಜೆಯ ಗಲ್ಲದ ಮೇಲಿನ ಮಚ್ಚೆ ಮಾಯವಾಗಿತ್ತು.

ನಿರ್ಮಲಮ್ಮ ದೌತಿಯಲ್ಲಿ ಅದ್ದಿದ ನಿಬ್ಬನ್ನು ಹಾಳೆಗೆ ತಾಗಿಸದೆ, ಎದುರಿಗಿದ್ದ ಹಸ್ತಪ್ರತಿಯ ಸಾಲನ್ನು ಇನ್ನೊಮ್ಮೆ ಓದಿದಳು. 'ನೌಕೆಯ ನಾಯಕಿ ಡಾಕ್ಟರ್ ಗಿರಿಜೆ ಹಾಲಿನಂಥ ಮೈಬಣ್ಣದವಳು. ನುಣುಪಾದ ಅವಳ ಗಲ್ಲದ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಬಿಡುವಾದಾಗ ಹಾರ್ಮೋನಿಯಂ ನುಡಿಸುವುದು ಅವಳ ಹವ್ಯಾಸ.' ಮಂಗಳ ಗ್ರಹಕ್ಕೆ ಹೊರಟ ನೌಕೆಗೆ ಹಾರ್ಮೋನಿಯಂ ಹತ್ತಿಸಿದವರು ಯಾರು? ಹೋದ ತಿಂಗಳ ಮೊದಲ ಕಂತಿನಲ್ಲಿ ಇದೇ ಗಿರಿಜೆ ಎಣ್ಣೆಗಪ್ಪು ಬಣ್ಣದ, ಎತ್ತರದ ಹೆಣ್ಣು. ಗಲ್ಲದ ಎಡಕ್ಕೆ ಮಚ್ಚೆ. ಬಲಗೈಯ ನಡುಬೆರಳಲ್ಲಿ ಎಷ್ಟು ತೊಳೆದರೂ ಹೋಗದ ಶಾಯಿಯ ಕಲೆ. ಅದನ್ನು ನಕಲು ಮಾಡುವಾಗ ನಿರ್ಮಲಮ್ಮ ಎರಡು ಸಲ ಅಕ್ಷರ ಕೆಡಿಸಿ, ಎರಡು ಹಾಳೆ ಹರಿದು ಹಾಕಿದ್ದಳು. ಮಚ್ಚೆಯೂ ಅವಳದೇ, ಬೆರಳೂ ಅವಳದೇ.

ಈಗ ಆ ಎರಡೂ ಎಲ್ಲಿ ಹೋದವು ಎಂದು ಹುಡುಕುತ್ತ ಮುಂದೆ ಓದಿದಳು. ಆರನೆಯ ಪುಟದಲ್ಲಿ ಸಿಕ್ಕವು. ನೌಕೆಯಲ್ಲಿ ಚಂಚಲೆ ಎಂಬ ಹೊಸ ಅಡಿಗೆಯವಳು ಸೇರಿಕೊಂಡಿದ್ದಳು. ಅನ್ನ ಸೀದಿಸುವ, ಕೇಳದೆ ಬಾಯಿ ಹಾಕುವ ಹೆಂಗಸು. ಗಲ್ಲದ ಮಚ್ಚೆ, ಬೆರಳಿನ ಮಸಿ ಎರಡನ್ನೂ ಲೇಖಕರು ಅವಳಿಗೆ ದಾನ ಮಾಡಿದ್ದರು.

'ಕಿರುದನಿ' ಶಿಕಾರಿಪುರದ ತರುಣರ ಸಂಘವೊಂದು ಹೊರಡಿಸುತ್ತಿದ್ದ ಕೈಬರಹದ ಮಾಸಪತ್ರಿಕೆ. ತಿಂಗಳಿಗೆ ಒಂದೇ ಪ್ರತಿ. ಹದಿನೈದು ದಿನ ಶಿಕಾರಿಪುರದ ಹದಿನೈದು ಮನೆ, ಹದಿನೈದು ದಿನ ಸೊರಬದ ಕಡೆಯ ಹದಿನೈದು ಮನೆ ತಿರುಗಿ, ತಿಂಗಳು ಮುಗಿದ ಮೇಲೆ ಸಂಘದ ಬೀರು ಸೇರುತ್ತಿತ್ತು. ಕೊನೆಯಲ್ಲಿ ಗೆರೆ ಹಾಕಿ ಖಾಲಿ ಬಿಟ್ಟ ನಾಲ್ಕು ಪುಟಗಳು. ನೆತ್ತಿಯ ಮೇಲೆ 'ಓದಿದವರ ಮಾತು' ಎಂಬ ಶೀರ್ಷಿಕೆ. ಓದಿದವರು ಅನ್ನಿಸಿದ್ದನ್ನು ಅಲ್ಲಿ ಬರೆದು ರುಜು ಹಾಕಬೇಕು, ಸಂಪಾದಕರು ಅಡಿಯಲ್ಲಿ ಕೆಂಪು ಶಾಯಿಯಿಂದ ಉತ್ತರ ಕೊಡುವರು. ಸಂಪಾದಕ, ಪ್ರಧಾನ ಲೇಖಕ, ಸಂಘದ ಕಾರ್ಯದರ್ಶಿ ಮೂವರೂ ಒಬ್ಬರೇ: ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಸದಾಶಿವಪ್ಪ. ರಷ್ಯದವರು ನಾಯಿಯೊಂದನ್ನು ಭೂಮಿಯ ಸುತ್ತ ತಿರುಗಲು ಕಳಿಸಿದ ಸುದ್ದಿ ಬಂದ ವಾರವೇ ಆತನೂ ಏನನ್ನಾದರೂ ಮೇಲಕ್ಕೆ ಕಳಿಸಬೇಕೆಂದು ನಿರ್ಧರಿಸಿ 'ಮಂಗಳನತ್ತ ಹೊರಟವರು' ಎಂಬ ಧಾರಾವಾಹಿ ಶುರು ಮಾಡಿದ್ದ. ಆತನ ಅಕ್ಷರವನ್ನು ಆತನೇ ಮಾರನೆಯ ದಿನ ಓದಲಾರ. ಹಾಗಾಗಿ ಹಸ್ತಪ್ರತಿ ಪ್ರತಿ ತಿಂಗಳೂ ಬಸ್ಸಿನ ಕಂಡಕ್ಟರ್ ಗುತ್ಯಪ್ಪನ ಚೀಲದಲ್ಲಿ ಸೊರಬಕ್ಕೆ ಬಂದು, ಅಲ್ಲಿನ ಹೆಣ್ಣುಮಕ್ಕಳ ಶಾಲೆಯ ಟೀಚರ್ ನಿರ್ಮಲಮ್ಮನ ಮುತ್ತಿನಂಥ ಅಕ್ಷರಗಳಲ್ಲಿ ಪತ್ರಿಕೆಯಾಗಿ ವಾಪಸು ಹೋಗುತ್ತಿತ್ತು.

"ಏನ್ ಬರ್ದಿದಾರೆ ಈ ಸಲ?" ದ್ಯಾಮಮ್ಮ ಮೊರದಲ್ಲಿ ಅಕ್ಕಿ ಕೇರುತ್ತ ಕೇಳಿದಳು. ತಾಯಿಗೆ ಓದು ಬಾರದು. ಆದರೂ ಭಾವೀ ಅಳಿಯನ ಕತೆ ಎಂದು ಮೊದಲ ಕಂತನ್ನು ಮಗಳ ಬಾಯಲ್ಲಿ ಮೂರು ಸಲ ಓದಿಸಿಕೊಂಡಿದ್ದಳು.

"ಹಾರ್ಮೋನಿಯಂ ಬಂದಿದೆ ಅವ್ವ."

"ಓಲಗನೂ ಬರ್ಲಿ ಬಿಡು. ಯುಗಾದಿಗೆ ಇನ್ನೆಷ್ಟು ದಿನ ಇದೆ?"

ಯುಗಾದಿ ಕಳೆಯಲಿ ಎಂದವರು ಗಂಡಿನ ಕಡೆಯವರೇ. ಕಾರ್ತೀಕದಲ್ಲಿ ಸದಾಶಿವಪ್ಪ ತನ್ನ ಸೋದರಮಾವ ವೀರಬಸಪ್ಪನ ಜೊತೆ ಹೆಣ್ಣು ನೋಡಲು ಬಂದು, ಎರಡು ಸಲ ಅವಲಕ್ಕಿ ಹಾಕಿಸಿಕೊಂಡು, "ನಮಗೆ ಒಪ್ಪಿಗೆ. ಯುಗಾದಿ ಕಳೀಲಿ, ಲಗ್ನ ಇಟ್ಕಳಣ" ಎಂದು ಮಾವನ ಬಾಯಲ್ಲಿ ಮಾತು ಕೊಡಿಸಿ ಹೋಗಿದ್ದ. ಜನವರಿಯಲ್ಲಿ ಮೊದಲ ಕಂತು ಬಂತು. ಎರಡೂ ಊರಿನವರು ಓದಿ, ಕಂಡುಹಿಡಿದು, ಓದಿದವರ ಮಾತಿನಲ್ಲಿ ಕಾಲೆಳೆದರು. ಸದಾಶಿವಪ್ಪ ಕೆಂಪು ಶಾಯಿಯಲ್ಲಿ ನಾಲ್ಕು ಸಾಲು ಉತ್ತರ ಬರೆದ. ಉತ್ತರ ಬಿದ್ದ ಪತ್ರಿಕೆ ಮತ್ತೆ ತನ್ನ ಕೈಗೆ ಬಂದ ದಿನ ನಿರ್ಮಲಮ್ಮ ಆ ನಾಲ್ಕು ಸಾಲನ್ನು ಎಷ್ಟು ಸಲ ಓದಿದಳೆಂದರೆ, ಮಗ್ಗಿಯಷ್ಟೇ ಸಲೀಸಾಗಿ ಬಾಯಿಪಾಠವಾಗಿತ್ತು.

ಆಮೇಲೆ ಶಿಕಾರಿಪುರದಿಂದ ಕಾಗದವಿಲ್ಲ, ಮಾತಿಲ್ಲ. ಬಂದದ್ದು ಎರಡನೆಯ ಕಂತು. ಒಲ್ಲೆವೆಂದು ಹೇಳಿ ಕಳಿಸುವಷ್ಟು ಮರ್ಯಾದೆಯನ್ನೂ ಉಳಿಸದೆ, ಒಲ್ಲೆ ಎಂಬುದನ್ನು ಅವಳ ಕೈಯಲ್ಲೇ ಗುಂಡಗೆ ಬರೆಸಿ ಮೂವತ್ತು ಮನೆಗೆ ಹಂಚುವ ಏರ್ಪಾಡು.

ನಿರ್ಮಲಮ್ಮ ಬರೆದಳು. ಒಂದು ಹಾಳೆಯನ್ನೂ ಹರಿಯಲಿಲ್ಲ. ಹಾಲಿನಂಥ ಮೈಬಣ್ಣವನ್ನು ಹಾಲಿನಂತೆಯೇ ಬರೆದಳು, ಸೀದ ಅನ್ನವನ್ನು ಸೀದಂತೆಯೇ. ಆ ಸಂಚಿಕೆಯ ಮೊದಲ ಪುಟದ ಮನೆಗಳ ಪಟ್ಟಿಯಲ್ಲಿ ಒಂದು ಹೊಸ ಹೆಸರು ಸೇರಿಸಬೇಕೆಂದು ಚೀಟಿ ಬಂದಿತ್ತು: ಶ್ರೀ ಪಂಚಾಕ್ಷರಪ್ಪನವರು, ಕುಪ್ಪಗಡ್ಡೆ. ಗದ್ದೆ ತೋಟವಿದ್ದ ದೊಡ್ಡ ಕುಳ. ಹೊಸದಾಗಿ ತೆರೆಯಲಿದ್ದ ಹೈಸ್ಕೂಲೊಂದರ ಕಮಿಟಿಯಲ್ಲಿ ಅವರ ಮಾತೇ ಮಾತು. ಅವರ ಮಗಳು ಶಕುಂತಲೆ ಹಾರ್ಮೋನಿಯಂ ನುಡಿಸುತ್ತಾಳೆಂಬುದು ನಿರ್ಮಲಮ್ಮನಿಗೆ ಗುತ್ಯಪ್ಪನಿಂದ ತಿಳಿಯಿತು. ಕಂಡಕ್ಟರನಿಗೆ ತಿಳಿಯದ್ದು ಆ ದಾರಿಯಲ್ಲಿ ಯಾವುದೂ ಇರಲಿಲ್ಲ.

"ಹೆಡ್‌ಮಾಸ್ಟರ್ ಕುರ್ಚಿ ಕೊಡ್ತಾರಂತೆ ಟೀಚರ್, ಜೊತೆಗೆ ಮಗಳನ್ನ," ಎಂದ ಗುತ್ಯಪ್ಪ, ಟಿಕೆಟ್ ಹರಿಯುವ ದನಿಯಲ್ಲೇ. "ನಿಮ್ಮನೇಲಿ ಎಂತದೂ ಹೇಳಿಲ್ವಾ ಅವ್ರು?"

"ಹೇಳಿದಾರೆ. ಬರವಣಿಗೇಲಿ," ಎಂದಳು ನಿರ್ಮಲಮ್ಮ.

ಓದುಗರು ಸುಮ್ಮನಿರುವವರಲ್ಲ. ಎರಡನೆಯ ಸಂಚಿಕೆಯ ಓದಿದವರ ಮಾತಿನಲ್ಲಿ ಶಿಕಾರಿಪುರದ ಪೋಸ್ಟ್‌ಮ್ಯಾನ್ ಉಚ್ಚಂಗಪ್ಪ, ಕಪ್ಪಗಿದ್ದ ನಾಯಕಿ ಒಂದೇ ತಿಂಗಳಲ್ಲಿ ಬೆಳ್ಳಗಾದದ್ದು ಹೇಗೆ ಎಂದು ಕೇಳಿದ್ದ. ಕೆಂಪು ಶಾಯಿ ಉತ್ತರಿಸಿತ್ತು: 'ಮಂಗಳನು ಸೂರ್ಯನಿಂದ ಭೂಮಿಗಿಂತ ದೂರದಲ್ಲಿದ್ದಾನೆ. ಬಿಸಿಲು ಕಡಿಮೆಯಾದಂತೆ ಮೈಬಣ್ಣ ತಿಳಿಯಾಗುವುದು ವಿಜ್ಞಾನ.' ಮೂರನೆಯ ಕಂತಿನಲ್ಲಿ ನೌಕೆಗೆ ಭಾರ ಹೆಚ್ಚಾಯಿತೆಂದು ಚಂಚಲೆಯನ್ನು ಹಿಂಬಾಗಿಲಿನಿಂದ ಶೂನ್ಯಕ್ಕೆ ತಳ್ಳಿದರು. ಹಾರ್ಮೋನಿಯಂ ಉಳಿಯಿತು. ಅದನ್ನೂ ನಿರ್ಮಲಮ್ಮ ನಕಲು ಮಾಡಿದಳು. ಚಂಚಲೆ ಕೈಕಾಲು ಬಡಿಯುತ್ತ ಚುಕ್ಕೆಯಾಗಿ ಕಂತಿಹೋಗುವ ಸಾಲಿನ ಕೊನೆಗೆ ಪೂರ್ಣವಿರಾಮವನ್ನು ಕಾಗದ ತೂತಾಗುವಷ್ಟು ಒತ್ತಿ ಇಟ್ಟಳು.

ಯುಗಾದಿ ಬಂತು, ಹೋಯಿತು. ದ್ಯಾಮಮ್ಮ ಇನ್ನೆಷ್ಟು ದಿನ ಎಂದು ಕೇಳುವುದನ್ನು ಬಿಟ್ಟಳು. ಅಕ್ಕಿ ಕೇರುವಾಗ ಮಾತ್ರ ಮೊರ ಮೊದಲಿಗಿಂತ ಜೋರಾಗಿ ಸದ್ದು ಮಾಡುತ್ತಿತ್ತು.

ಏಪ್ರಿಲ್ ತಿಂಗಳ ಒಂದು ಗುರುವಾರ, ಶಾಲೆ ಬಿಟ್ಟು ಮಕ್ಕಳೆಲ್ಲ ಹೋದ ಹೊತ್ತಿಗೆ ಸದಾಶಿವಪ್ಪ ಬಾಗಿಲಲ್ಲಿ ನಿಂತಿದ್ದ. ಕಂಕುಳಲ್ಲಿ ಬಟ್ಟೆ ಸುತ್ತಿದ ಕಟ್ಟು.

"ಬರ್ಲೇನ್ರಿ ಟೀಚರ್?"

"ಬನ್ನಿ ಮೇಷ್ಟ್ರೇ."

ಆತ ಮಕ್ಕಳ ಬೆಂಚಿನ ಮೇಲೆ ಮಂಡಿ ಎತ್ತರಿಸಿಕೊಂಡು ಕೂತ. ಹವೆಯ ಬಗ್ಗೆ ಒಂದಿಷ್ಟು ಮಾತಾಡಿದ. ಕಾರ್ತೀಕದ ವಿಷಯ, ಯುಗಾದಿಯ ವಿಷಯ ಯಾವುದೂ ಬರಲಿಲ್ಲ. ಎಂದೂ ಅವಲಕ್ಕಿ ತಿನ್ನದವನ ಹಾಗೆ ಇತ್ತು ಮುಖ. ಕೊನೆಗೆ ಕಟ್ಟು ಬಿಚ್ಚಿ ಮೊದಲ ಸಂಚಿಕೆಯನ್ನು ಮೇಜಿನ ಮೇಲಿಟ್ಟ. ಅದರ ಮೇಲೆ ಹೊಸದಾಗಿ ಬರೆದ ಎಂಟು ಹಾಳೆ.

"ಒಂದು ಸಣ್ಣ ಕೆಲಸ. ಕುಪ್ಪಗಡ್ಡೆ ಪಂಚಾಕ್ಷರಪ್ಪನೋರು ಎರಡನೇ ಕಂತಿಂದ ಓದ್ಕಂಡು ಬಂದಾರೆ. ಆ ಉಚ್ಚಂಗಪ್ಪ ಬರೆದದ್ದು ನೋಡಿ, ಮೊದಲನೇದು ತಗಂಬರ್ರಿ, ಕೂಡಿಸಿ ನೋಡಣ ಅಂದಾರೆ. ಈಗ ಎರಡಕ್ಕೂ ತಾಳೆ ಆಗಬೇಕಲ್ಲ? ಅದಕ್ಕೆ ಮೊದಲ ಕಂತನ್ನೇ ತಿದ್ದಿ ಬರದೀನಿ. ಗಿರಿಜೆ ಮೊದಲಿಂದ್ಲೂ ಬೆಳ್ಳಗೇ ಇರ್ತಾಳೆ. ಹಳೇ ಹಾಳೆ ಕಿತ್ತು ಹೊಸಾವು ಹೊಲಿದುಕೊಟ್ರೆ ಆತು."

"ಮಚ್ಚೆ?"

"ತೆಗದೀನಿ."

"ಅಡಿಗೆಯೋಳಿಗೆ ಕೊಟ್ರಲ್ಲ, ಅದು."

"ಹ್ಞೂಂ, ಅದಾ?" ಸದಾಶಿವಪ್ಪ ನಕ್ಕ. ಮುಚ್ಚುಮರೆ ಇಲ್ಲದ, ನಿಜವಾಗಿಯೂ ಏನೂ ತಿಳಿಯದವನ ನಗೆ. "ಚಲೋ ಮಚ್ಚೆ ನೋಡ್ರಿ. ಅಷ್ಟು ಚಂದ ಬರೆದಿದ್ದೆ. ಸುಮ್ನೆ ದಂಡ ಆಗಬಾರ್ದು ಅಂತ ಆಕಿಗೆ ಹಚ್ಚಿದೆ."

ನಿರ್ಮಲಮ್ಮ ಅಷ್ಟು ದಿನ ಇದು ದ್ವೇಷ ಎಂದುಕೊಂಡಿದ್ದಳು. ದ್ವೇಷವಾಗಿದ್ದರೆ ಒಂದು ಲೆಕ್ಕದಲ್ಲಿ ತನ್ನನ್ನು ಅಷ್ಟಾದರೂ ನೆನೆಸಿಕೊಂಡಂತಾಗುತ್ತಿತ್ತು. ಇದು ಬರಿಯ ಮಿತವ್ಯಯ.

"ಕತೆ ಪುಟ ಮಾತ್ರ ಬದಲಿಸ್ಲಾ, ಎಲ್ಲಾನೂ ಬದಲಿಸ್ಲಾ?"

"ಕತೆ ಅಷ್ಟೇ. ಹಿಂದಿನ ಓದಿದವರ ಮಾತು ಹಂಗೇ ಇರ್ಲಿ. ಎರಡನೇದರಾಗೆ ಬರೀ ತಕರಾರು, ಮೊದಲನೇದರಾಗೆ ಎಲ್ಲಾ ಹೊಗಳಿಕೆ ಐತೆ. ನಮ್ಮ ಪತ್ರಿಕೆ ಎಷ್ಟು ಜನ ಓದ್ತಾರೆ ಅಂತ ಅವರಿಗೂ ಗೊತ್ತಾಗ್ಲಿ." ಆತ ಕೊನೆಯ ಪುಟಗಳನ್ನು ತೆರೆದು ರುಜುಗಳ ಮೇಲೆ ಬೆರಳಾಡಿಸುತ್ತ ಹೋದ. "ಮೂವತ್ತು, ಮೂವತ್ತೊಂದು, ಮೂವತ್ತೆರಡು. ನೋಡ್ರಿ! ಮೂವತ್ತೆರಡು ಮಂದಿ."

ಎಣಿಸಿದ. ಓದಲಿಲ್ಲ. ಕೊನೆಯ ಪುಟದ ಅಡಿಯಲ್ಲಿದ್ದ ಕೆಂಪು ಸಾಲುಗಳ ಮೇಲೆ ಆತನ ಹೆಬ್ಬೆರಳೇ ಒತ್ತಿಕೊಂಡಿತ್ತು.

"ಪಂಚಾಕ್ಷರಪ್ಪನೋರು ಬಾಳ ರಸಿಕರು ಟೀಚರ್. ಕೈಗೆ ಪೇಪರ್ ಸಿಕ್ರೆ ಮೇಲಿನ ತಾರೀಖಿಂದ ಹಿಡಿದು ಕಡೀಗೆ ಅಚ್ಚು ಹಾಕಿದೋರ ವಿಳಾಸದ ತನಕ ಬಿಡಂಗಿಲ್ಲ. ಅದೂ ಗಟ್ಟಿಯಾಗಿ ಓದಬೇಕು, ಒಬ್ಬೊಬ್ಬರ ದನಿ ತೆಗೆದು. ಈ ಭಾನುವಾರ ನಾವು ಹೆಣ್..." ಆತ ತಡೆದು, ಗಂಟಲು ಸರಿಮಾಡಿಕೊಂಡ. "ನಾವು ಅವರ ಮನಿಗೆ ಹೊಂಟೀವಿ. ನೆಂಟರ ಮುಂದೆ ಅವರೇ ಓದ್ತಾರಂತೆ."

ನಿರ್ಮಲಮ್ಮ ಸಂಚಿಕೆಯನ್ನು ಮೆಲ್ಲಗೆ ಆತನ ಹೆಬ್ಬೆರಳ ಅಡಿಯಿಂದ ಎಳೆದುಕೊಂಡು ಮುಚ್ಚಿದಳು.

"ಶನಿವಾರ ಗುತ್ಯಪ್ಪನ ಕೈಯಲ್ಲಿ ಕುಪ್ಪಗಡ್ಡೆಗೇ ಕಳಿಸ್ಬಿಡ್ತೀನಿ. ನಿಮಗ್ಯಾಕೆ ಓಡಾಟ?"

"ಬಾಳ ಉಪಕಾರ ಆತು." ಆತ ಎದ್ದ. ಬಾಗಿಲಲ್ಲಿ ತಿರುಗಿ, "ಹಂಗೇ, ಇಂಥಾ ಅಕ್ಷರದ ಟೀಚರನ್ನೂ ಕರ್ಕಂಬರ್ರಿ ಅಂತ ಅಂದಿದ್ರು ಅವರು. ನಿಮಗೆ ಬಿಡುವು ಇರಂಗಿಲ್ಲ ಅಂತ ನಾನೇ ಹೇಳೀನಿ," ಎಂದ.

"ಭಾನುವಾರ ಶಾಲೆ ಇರಲ್ಲ ಮೇಷ್ಟ್ರೇ. ಬರ್ತೀನಿ."

ಶನಿವಾರದ ಬೆಳಿಗ್ಗೆಯೊಳಗೆ ಎಂಟು ಹಾಳೆ ಮುಗಿದವು. ಒಂದು ಅಕ್ಷರ ಆಚೀಚೆ ಮಾಡಲಿಲ್ಲ. ಹಳೆಯ ಹಾಳೆ ಕಿತ್ತು, ಹೊಸದನ್ನು ಜೋಡಿಸಿ, ದಬ್ಬಳಕ್ಕೆ ದಾರ ಪೋಣಿಸಿ ಓದಿದವರ ಮಾತಿನ ನಾಲ್ಕು ಪುಟಗಳನ್ನೂ ಸೇರಿಸಿ ಹೊಲಿದಳು. ಎರಡು ಹೊಲಿಗೆ ಸಾಕಿತ್ತು. ಆ ಪುಟಗಳು ಸಡಿಲವಾಗಿ ದಾರಿಯಲ್ಲಿ ಉದುರದಿರಲೆಂದು ನಾಲ್ಕು ಹಾಕಿದಳು.

"ಎಂತಕ್ಕೆ ಅವನ ಚಾಕರಿ ಮಾಡ್ತೀಯೆ ಇನ್ನೂ?" ದ್ಯಾಮಮ್ಮ ಗದರಿದಳು. "ಮಾನ ಇಲ್ವಾ ನಿಂಗೆ?"

"ಕೊನೇ ಸಲ ಅವ್ವ," ಎಂದು ನಿರ್ಮಲಮ್ಮ ದಾರವನ್ನು ಹಲ್ಲಿನಿಂದ ಕಡಿದಳು.

ಭಾನುವಾರ ಅವಳು ಮುಂಚಿನ ಬಸ್ಸಿಗೇ ಕುಪ್ಪಗಡ್ಡೆಗೆ ಹೋದಳು. ಪಂಚಾಕ್ಷರಪ್ಪ ಹೊರಗೇ ಬಂದು ಎದುರುಗೊಂಡರು. ಐವತ್ತರ ಮೇಲಿನ, ಹಣೆ ತುಂಬ ವಿಭೂತಿಯ ದಪ್ಪ ಮನುಷ್ಯ. "ಓಹೋ, ಆ ಅಕ್ಷರ ಇವರದಾ! ಬನ್ನಿ ತಾಯಿ, ಬನ್ನಿ," ಎಂದು ಒಳಗೆ ಕಳಿಸಿದರು.

ಅಡಿಗೆ ಮನೆಯಲ್ಲಿ ಶಕುಂತಲೆ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೇಸರಿಬಾತಿಗೆ ರವೆ ಹುರಿಯುತ್ತಿದ್ದಳು. ಹತ್ತೊಂಬತ್ತರ ಹುಡುಗಿ. ಬೆಳ್ಳಗೆ ಇದ್ದಳು, ಅದರಲ್ಲಿ ಲೇಖಕರು ಸುಳ್ಳು ಹೇಳಿರಲಿಲ್ಲ. ನಿರ್ಮಲಮ್ಮನನ್ನು ಕಂಡು ಸೌಟು ಕೆಳಗಿಟ್ಟು ಓಡಿಬಂದಳು.

"ಟೀಚರ್, ನಿಮ್ಮಕ್ಷರ ನೋಡಿ ನೋಡಿ ನಾನೂ ಹಂಗೇ ಬರಿಯಕ್ಕೆ ಕಲಿತಾ ಇದೀನಿ. ನಮ್ಮಪ್ಪ ನಗ್ತಾರೆ. ಊಟ ಆದ್ಮೇಲೆ ತೋರಿಸ್ತೀನಿ, ತಪ್ಪಿದ್ರೆ ಹೇಳ್ಬೇಕು."

ನಿರ್ಮಲಮ್ಮ ರವೆಯ ಬಾಣಲೆಯ ಕಡೆ ಕೈ ತೋರಿಸಿದಳು. "ತಳ ಹಿಡಿಯತ್ತೆ ನೋಡಮ್ಮ."

ಈ ಹುಡುಗಿಯನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಈಗಲೂ ಕಾಲ ಮಿಂಚಿರಲಿಲ್ಲ. ಪತ್ರಿಕೆ ಪಡಸಾಲೆಯ ಗೂಡಿನಲ್ಲಿತ್ತು, ಹಿಂದಿನ ನಾಲ್ಕು ಪುಟ ಕೀಳುವುದು ಕ್ಷಣದ ಕೆಲಸ. ಅಷ್ಟರಲ್ಲಿ ಹೊರಗೆ ಸದಾಶಿವಪ್ಪನ ನಗು ಕೇಳಿಸಿತು. ಶಾಲೆಯ ಬೆಂಚಿನ ಮೇಲೆ ಕೂತು ನಕ್ಕಿದ್ದ ಅದೇ ನಗು. ನಿರ್ಮಲಮ್ಮ ಹೋಗಿ ನಡುಮನೆಯ ಬಾಗಿಲ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಜಾಗ ನೋಡಿ ಕೂತಳು.

ಪಡಸಾಲೆಯ ಜಮಖಾನದ ಮೇಲೆ ಸದಾಶಿವಪ್ಪ, ಪಕ್ಕದಲ್ಲಿ ವೀರಬಸಪ್ಪ, ಎದುರಿಗೆ ಮನೆಯವರ ಕಡೆಯ ನಾಲ್ಕೈದು ಗಂಡಸರು. ಹುಡುಗಿ ಬಂದು ತಟ್ಟೆ ಕೊಟ್ಟು, ನಮಸ್ಕಾರ ಮಾಡಿ, ತಾಯಿಯ ಹತ್ತಿರ ಕೂತಳು. ಕೇಸರಿಬಾತು ಮುಗಿಯಿತು. ಪಂಚಾಕ್ಷರಪ್ಪ ಕನ್ನಡಕ ಏರಿಸಿ, ಗೂಡಿನಿಂದ 'ಕಿರುದನಿ' ತೆಗೆದು, ತಾರೀಖಿನಿಂದ ಶುರು ಮಾಡಿದರು.

ಚೆನ್ನಾಗಿಯೇ ಓದಿದರು. ನೌಕೆ ಏರುವಾಗ ಅವರ ಗಂಟಲಿನಲ್ಲೇ ಯಂತ್ರ ಗುರುಗುಟ್ಟಿತು. ಡಾಕ್ಟರ್ ಗಿರಿಜೆಯ ಹಾಲಿನ ಬಣ್ಣ ಬಂದಾಗ ಗಂಡಸರೆಲ್ಲ ಮುಸಿಮುಸಿ ನಕ್ಕು ಶಕುಂತಲೆಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು. ಕಂತು ಮುಗಿಯಿತು. ವೀರಬಸಪ್ಪ ಹೆಗಲ ವಸ್ತ್ರ ಸರಿಮಾಡಿಕೊಂಡು, "ಮತ್ತೆ, ಮಾತುಕತಿ ಮುಗಿಸೋಣೇನ್ರಿ?" ಎಂದ.

"ತಡೀರಿ ಮಾರಾಯ್ರೆ, ಇನ್ನೂ ನಾಲ್ಕು ಪುಟ ಇದೆ. ಓದಿದವರ ಮಾತು." ಪಂಚಾಕ್ಷರಪ್ಪ ಪುಟ ತಿರುಗಿಸಿದರು. "ಓ, ನಮ್ಮ ಶಿಕಾರಿಪುರದ ಉಚ್ಚಂಗಪ್ಪ!" ಎಂದು ಮೂಗನ್ನು ಎರಡು ಬೆರಳಲ್ಲಿ ಹಿಡಿದು, ಪೋಸ್ಟ್‌ಮ್ಯಾನನ ಮೂಗುದನಿ ತೆಗೆದರು. "ಕತಿ ಭೇಷ್ ಐತ್ರಿ. ಗಿರಿಜಮ್ಮನೋರು ಕಪ್ಪಗಿದ್ರೂ ಕಳೆ ಐತಿ. ಗಲ್ಲದ ಮ್ಯಾಲಿನ ಮಚ್ಚಿ ನೋಡಿದ್ರೆ, ಸೊರಬಕ್ಕ ಹೋದಾಗ ಎಲ್ಲೋ ಕಂಡಂಗೈತಿ."

ಗಂಡಸರು ನಕ್ಕರು, ಉಚ್ಚಂಗಪ್ಪನೇ ಬಂದು ಕೂತ ಹಾಗಿತ್ತು. ಪಂಚಾಕ್ಷರಪ್ಪ ಮಾತ್ರ ಹುಬ್ಬು ಗಂಟಿಕ್ಕಿದರು. "ಕಪ್ಪಗಿದ್ರೂ? ಈಗ ತಾನೇ ಹಾಲು ಅಂತ ಓದಿದ್ನಲ್ಲ ನಾನು." ಹಿಂದಿನ ಪುಟ ತಿರುಗಿಸಿ ನೋಡಿದರು. ಹಾಲೇ ಇತ್ತು.

ಸದಾಶಿವಪ್ಪನ ಮುಖ ಬಾಡಿತು. "ಅದು ಇರ್ಲಿ ಬಿಡ್ರಿ ಯಜಮಾನ್ರೇ. ಜನ ಏನೇನೋ ಬರೀತಾರೆ..."

"ಬರೆದಿದ್ದು ಓದ್ದೇ ಬಿಡಕ್ಕಾಗತ್ತಾ?" ಎಂದರು ಪಂಚಾಕ್ಷರಪ್ಪ. ಮುಂದಿನದು ಸೊರಬದ ಆಸ್ಪತ್ರೆಯ ನರ್ಸ್ ಲೋಕಮ್ಮ. ಕತ್ತು ಕೊಂಕಿಸಿ, ದನಿ ತೆಳ್ಳಗೆ ಮಾಡಿದರು. "ಎಲ್ಲೋ ಅಲ್ಲ ಉಚ್ಚಂಗಪ್ಪನೋರೆ, ನಮ್ಮ ನಿರ್ಮಲಾ ಟೀಚರ್. ಆ ಶಾಯಿ ಬೆರಳು ಇನ್ಯಾರಿಗಿದೆ?" ಓದಿದ ಮೇಲೆ ದನಿ ತಾನಾಗಿ ಅವರದೇ ಆಯಿತು. ಕನ್ನಡಕದ ಮೇಲಿಂದ ಬಾಗಿಲ ಕಡೆ ನೋಡಿದರು. ಎಲ್ಲರೂ ನೋಡಿದರು. ನಿರ್ಮಲಮ್ಮ ಮುಖ ತಗ್ಗಿಸಲಿಲ್ಲ. ಬಲಗೈಯನ್ನು ಮಡಿಲಿನಿಂದ ಎತ್ತಿ ಮಂಡಿಯ ಮೇಲೆ ಇಟ್ಟುಕೊಂಡಳು.

ಹೋಟೆಲಿನ ಹುಲಿಯಪ್ಪನ ಸಾಲು ಬಂದಾಗ ಪಂಚಾಕ್ಷರಪ್ಪನ ಅಣಕದಲ್ಲಿ ತಮಾಷೆ ಉಳಿದಿರಲಿಲ್ಲ; ದನಿ ಮಾತ್ರ ಅಚ್ಚು ಹುಲಿಯಪ್ಪ. "ಮಂಗಳ ಗ್ರಹ ಹಾಳಾಗ್ಲಿ, ಮಂಗಳಕಾರ್ಯ ಯಾವಾಗ ಮೇಷ್ಟ್ರೇ? ಲಾಡು ಕಟ್ಟೋಕೆ ನಾನು ರೆಡಿ."

"ಮಾವ," ಎಂದ ಸದಾಶಿವಪ್ಪ ಮೆಲ್ಲಗೆ. ವೀರಬಸಪ್ಪ ಕೈ ಚಾಚಿ, "ಕೊಡ್ರಿ ಇತ್ಲಾಗೆ, ಕಣ್ಣಿಗೆ ಆಯಾಸ," ಎಂದ.

ಪಂಚಾಕ್ಷರಪ್ಪ ಪತ್ರಿಕೆಯನ್ನು ಇನ್ನೊಂದು ಕೈಗೆ ಸರಿಸಿದರು. ಉಳಿದದ್ದು ಅಡಿಯ ಕೆಂಪು ಸಾಲು. ಅದನ್ನು ಮನಸ್ಸಿನಲ್ಲಿ ಒಮ್ಮೆ ಓದಿಕೊಂಡರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, ಎದುರಿಗೆ ಕೂತವನ ದನಿಯನ್ನೇ ತೆಗೆದರು. ಶಿಕಾರಿಪುರದ ಎಳೆತ, ಪಾಠ ಹೇಳುವ ಠೀವಿ, ಕೊನೆಯಲ್ಲಿ ಚೂರು ಮೇಲಕ್ಕೆ ಹೋಗುವ ಸ್ವರ. ಕಣ್ಣು ಮುಚ್ಚಿದ್ದರೆ ಸದಾಶಿವಪ್ಪನೇ.

"ಓದುಗರ ಊಹೆ ಸರಿಯಾಗಿದೆ. ಗಿರಿಜೆ ಕಲ್ಪನೆಯಲ್ಲ. ಈ ಪತ್ರಿಕೆಯ ಅಕ್ಷರ ಯಾರದೋ ಆ ಬೆರಳೂ ಅವರದೇ. ಯುಗಾದಿ ಕಳೆಯಲಿ, ನಾವಿಬ್ಬರೂ ಕೂಡಿಯೇ ತಮ್ಮೆಲ್ಲರನ್ನೂ ಊಟಕ್ಕೆ ಕರೆಯುತ್ತೇವೆ. ಇತಿ, ಸದಾಶಿವಪ್ಪ."

ನಿರ್ಮಲಮ್ಮನ ತುಟಿಗಳು ಆ ನಾಲ್ಕೂ ಸಾಲಿಗೆ ಸದ್ದಿಲ್ಲದೆ ಜೊತೆಗೂಡಿದ್ದವು.

ಹಿತ್ತಲಲ್ಲಿ ಯಾರೋ ಕೊಡ ಇಳಿಸಿದ ಸದ್ದು ಕೇಳಿಸಿತು. ಪಂಚಾಕ್ಷರಪ್ಪ ಕನ್ನಡಕ ತೆಗೆದು ಮಡಚಿದರು.

"ಯುಗಾದಿ ಕಳೀತಲ್ಲ ಮೇಷ್ಟ್ರೇ?"

"ಹುಡುಗು ಬುದ್ಧಿ, ಯಜಮಾನ್ರೇ," ವೀರಬಸಪ್ಪ ನಡುವೆ ಬಾಯಿ ಹಾಕಿದ. "ಕತಿ ಅದು. ಎಲ್ಲಾ ಕಾಲ್ಪನಿಕ."

"ಕಲ್ಪನೆಯಲ್ಲ ಅಂತ ಅವರೇ ಬರೆದಾರಲ್ಲ. ರುಜು ಬೇರೆ ಇದೆ."

ಸದಾಶಿವಪ್ಪ ಬಾಗಿಲ ಕಡೆ ತಿರುಗಿದ. ಆತ ಅವಳನ್ನು ಸರಿಯಾಗಿ ನೋಡಿದ್ದು ಕಾರ್ತೀಕದ ನಂತರ ಅದೇ ಮೊದಲು. "ನೀವಾದ್ರೂ ಹೇಳ್ರಿ ಟೀಚರ್. ಅದು ತಮಾಷೆಗೆ ಬರೆದದ್ದು ಅಂತ..."

"ನಂಗೇನು ಗೊತ್ತು ಮೇಷ್ಟ್ರೇ? ನಾನು ನಕಲು ಮಾಡೋಳು. ಹೊಸ ಹಾಳೆ ಕೊಟ್ರಿ, ಬರೆದೆ. ಹಿಂದಿನ ಪುಟ ಹಂಗೇ ಇರ್ಲಿ ಅಂದ್ರಿ, ಇಟ್ಟೆ."

ಕೈ ತೊಳೆಯಲು ನೀರು ಕೊಟ್ಟರು. ಊಟಕ್ಕೆ ಏಳಿ ಎಂದು ಯಾರೂ ಹೇಳಲಿಲ್ಲ. ಹೈಸ್ಕೂಲಿನ ಕಮಿಟಿಯ ವಿಷಯ ವೀರಬಸಪ್ಪ ಅಂಗಳದಲ್ಲಿ ಮತ್ತೆ ಎತ್ತಿದಾಗ ಪಂಚಾಕ್ಷರಪ್ಪ, "ನೋಡಣ, ದೀಪಾವಳಿ ಕಳೀಲಿ," ಎಂದರು. ಆ ದನಿಯನ್ನು ವೀರಬಸಪ್ಪ ಗುರುತಿಸಿದ; ಅದು ಅವನದೇ.

ನಿರ್ಮಲಮ್ಮ ಹೊರಡುವ ಮುನ್ನ ಶಕುಂತಲೆಯ ತಾಯಿ ಕುಂಕುಮ ಕೊಟ್ಟು, "ನಮ್ಮ ಹುಡುಗೀನ ಉಳಿಸಿದ್ರಿ ತಾಯಿ," ಎಂದಳು. ನಿರ್ಮಲಮ್ಮನಿಗೆ ಎದೆಯೊಳಗೆ ತಣ್ಣಗೆ, ಸಿಹಿಯಾಗಿ ಏನೋ ಹರಡಿತು. ಮೂರು ತಿಂಗಳಿಂದ ಕಾದ ರುಚಿ. ಜಗಲಿ ಇಳಿಯುವಾಗ ಕಂಬದ ಪಕ್ಕ ಶಕುಂತಲೆ ನಿಂತಿದ್ದಳು. ಮುಡಿದಿದ್ದ ಹೂವನ್ನು ಆಗಲೇ ತೆಗೆದುಬಿಟ್ಟಿದ್ದಳು. ಕೈಯಲ್ಲಿ ಮಡಚಿದ ಒಂದು ನೋಟ್ ಪುಸ್ತಕ.

"ಟೀಚರ್, ಅಪ್ಪ ಅದನ್ನ ಎಲ್ಲರೆದುರು ಓದ್ತಾರೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಬೆಳಿಗ್ಗೆಯಿಂದ ನನ್ನ ಜೊತೇಲೇ ಇದ್ರಿ." ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಒಲೆ ಹತ್ರ ಇದ್ದಾಗ ನಂಗೊಂದು ಮಾತು ಹೇಳಿದ್ರೆ, ಹೊರಗೆ ಬರ್ತಾನೇ ಇರ್ಲಿಲ್ಲ ನಾನು. ಊರೆಲ್ಲ ಈಗ ನನ್ನೂ ಸೇರಿಸಿಯೇ ಓದ್ತಾರೆ."

ಅವಳು ಪುಸ್ತಕವನ್ನು ತೆರೆಯಲಿಲ್ಲ. ಒಳಗೆ ಹೋದಳು.

ಮೂರು ಗಂಟೆಯ ಬಸ್ಸು ಒಂದೇ. ಸೊರಬಕ್ಕೂ ಅದೇ, ಅಲ್ಲಿಂದ ಶಿಕಾರಿಪುರಕ್ಕೂ ಅದೇ. ವೀರಬಸಪ್ಪ ಹೋಗಿ ಡ್ರೈವರನ ಪಕ್ಕ ಕೂತ. ಸದಾಶಿವಪ್ಪ ಅವನ ಹತ್ತಿರವೂ ಸುಳಿಯದೆ, ಜಾಗವಿದ್ದರೂ ಕೂರದೆ ಬಾಗಿಲ ಕಂಬಿ ಹಿಡಿದು ನಿಂತ. ನಿರ್ಮಲಮ್ಮ ಹಿಂದಿನ ಸೀಟಿನ ಕಿಟಕಿಗೆ ಕೂತಳು.

ಊರು ದಾಟಿ ಒಂದು ಮೈಲಿ ಹೋಗುವಷ್ಟರಲ್ಲಿ ಮುಂದೆ ಹಬೆ ಎದ್ದು ಬಸ್ಸು ಕೆರೆಯ ಏರಿಯ ಪಕ್ಕ ನಿಂತಿತು. ಗುತ್ಯಪ್ಪ ಸೀಟಿನ ಅಡಿಯಿಂದ ತಗಡಿನ ಡಬ್ಬ ಎಳೆದು, ಬಾಗಿಲಲ್ಲಿ ಯಾರಿದ್ದಾರೆಂದು ನೋಡದೆಯೇ ಚಾಚಿದ. "ಸ್ವಲ್ಪ ನೀರು ತಂದುಬಿಡಿ." ಆಮೇಲೆ ಮುಖ ನೋಡಿ, "ಓ, ಮೇಷ್ಟ್ರಾ," ಎಂದ. ಡಬ್ಬವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸದಾಶಿವಪ್ಪ ಇಳಿದು ಏರಿ ಹತ್ತಿ, ಆ ಬದಿಗೆ ಇಳಿದ. ಬರುವಾಗ ಡಬ್ಬದ ತಳದಿಂದ ಅರ್ಧ ನೀರು ಸೋರಿಹೋಗಿತ್ತು. "ಇನ್ನೊಂದು ಸಲ," ಎಂದ ಗುತ್ಯಪ್ಪ. ಎರಡನೆಯ ಸಲ ಕೆಸರಿಗೆ ಕಾಲು ಜಾರಿರಬೇಕು, ಪಂಚೆಯ ಅಂಚು ಕಪ್ಪಾಗಿತ್ತು. ಮೂರನೆಯ ಸಲ ಆತ ಏರಿಯ ನೆತ್ತಿಯ ಮೇಲೆ ನಿಂತು ಹೊಸ ಬೂಟುಗಳನ್ನು ಬಿಚ್ಚಿ, ಒಂದರ ಪಕ್ಕ ಒಂದನ್ನು ಒಪ್ಪವಾಗಿ ಇಟ್ಟು, ಬರಿಗಾಲಲ್ಲಿ ನೀರಿಗಿಳಿದ. ಡಬ್ಬ ತುಂಬಿ ತಂದು, ತೂತಿಗೆ ಬೆರಳು ಒತ್ತಿ ಹಿಡಿದು, ಓಡುನಡಿಗೆಯಲ್ಲಿ ಬಂದು ಡ್ರೈವರನ ಕೈಗೆ ಕೊಟ್ಟ. ಹಬೆ ಬುಸ್ಸೆಂದು ಅಡಗಿತು.

ಬಸ್ಸು ಹೊರಟಿತು. ಆತ ಮತ್ತೆ ಅದೇ ಕಂಬಿ ಹಿಡಿದು, ರಸ್ತೆಯನ್ನೇ ನೋಡುತ್ತ ನಿಂತಿದ್ದ. ಒದ್ದೆ ಕಾಲುಗಳ ಸುತ್ತ ಹಲಗೆಯ ಮೇಲೆ ನೀರು ಹರಡುತ್ತಿತ್ತು. ಹಿಂದಿನ ಕಿಟಕಿಯಲ್ಲಿ ಏರಿ ಕಾಣುತ್ತಿತ್ತು, ಏರಿಯ ಮೇಲೆ ಬಿಸಿಲಿಗೆ ಮಿಂಚುವ ಜೋಡಿ ಬೂಟು. ನಿರ್ಮಲಮ್ಮ ಕೂಗಿ ಹೇಳಲೆಂದು ಬಾಯಿ ತೆರೆದಳು. ಬಸ್ಸು ತಿರುವಿಗೆ ಹೊರಳಿತು. ನೀರಿನಿಂದ ಎದ್ದ ಎಮ್ಮೆಯೊಂದು ಬೂಟುಗಳ ಹತ್ತಿರ ನಿಂತು, ತಲೆ ಬಗ್ಗಿಸಿ, ಒಂದನ್ನು ಮೂಸುತ್ತಿತ್ತು.